ಪಾದದ ಮೇಲೆ ಎಣ್ಣೆ

ಕೋರ್ಟಿನಲ್ಲಿ ನಮ್ಮಿಬ್ಬರ ಡೈವೋರ್ಸ್ ಆದ ಮರುವಾರ, ಉಳಿದ ಬಟ್ಟೆಬರೆ ಒಯ್ಯಲು ಕೆ.ಆರ್. ನಗರದ ನಮ್ಮ ಮನೆಗೆ ಬಂದಿದ್ದ ರೂಪಶ್ರೀಯನ್ನು ಅಂತರಸಂತೆಯ ತವರಿಗೆ ಬಿಡಲು ನಾನೇ ಬೈಕ್ ತೆಗೆದೆ.

"ಬಸ್ ಹತ್ತಿಸಿ ಬುಡ್ಲಾ," ಎಂದ ಅಣ್ಣ.

"ಕರ್ಕೊಂಡ್ ಬಂದೋನು ನಾನು, ಬುಟ್ಟು ಬರೋನೂ ನಾನೇ," ಎಂದು ರೇಗಿದೆ.

ಹುಣಸೂರು ದಾಟಿದ ಮೇಲೆ ಅವಳು ನನ್ನ ಭುಜ ಮುಟ್ಟದೆ, "ಕಾಲಿಗೆ ಎಣ್ಣೆ ಸಿಡೀತಾ ಅದೆ, ನಿಲ್ಸಿ," ಎಂದಳು. ಇಂಜಿನ್ನಿನ ಎಡಗಡೆಯಿಂದ ಆಯಿಲ್ ಸೋರಿ ಅವಳ ಪಾದ, ಸೀರೆಯಂಚು ಕಪ್ಪಾಗಿದ್ದವು. ದಾರಿಬದಿಯ ಮೆಕ್ಯಾನಿಕ್ ಶಕೀಲ್ ಬೋಲ್ಟುಗಳನ್ನು ಬಿಗಿ ಮಾಡಿ, ಅವಳ ಕೈಗೊಂದು ಹಳೆ ಬಟ್ಟೆ ಕೊಟ್ಟ. ಅವಳು ತನ್ನ ಕಾಲು ಬಿಟ್ಟು ಮೊದಲು ನನ್ನ ಬೈಕನ್ನೇ ಒರೆಸಿದಳು. ಹಾಳು ಅಭ್ಯಾಸ.

"ಸದ್ಯಕ್ಕೆ ನಿಂತದೆ ಕಣಣ್ಣ," ಎಂದ ಶಕೀಲ್ ಅವಳ ಕಡೆ ತಿರುಗಿದ. "ವಾಪಸ್ ಬರೋವಾಗ ಕಾಲ್ ನೋಡ್ಕೋತಾ ಇರಿ ಅಕ್ಕ. ಮತ್ತೆ ಸೋರಿದ್ರೆ ಓಡಿಸೋರಿಗೆ ಗೊತ್ತಾಗಲ್ಲ, ಹಿಂದೆ ಕೂತೋರಿಗೇ ಗೊತ್ತಾಗೋದು."

ವಾಪಸ್ ಬರುವವನು ನಾನೊಬ್ಬನೇ ಎಂದು ಅವಳಾದರೂ ಹೇಳುತ್ತಾಳೇನೋ ಅಂತ ಕಾದೆ.

ರೂಪಶ್ರೀ ಆ ಎಣ್ಣೆಬಟ್ಟೆಯನ್ನು ನೀಟಾಗಿ ಮಡಿಚಿದಳು.

"ಆಯ್ತಣ್ಣ, ನೋಡ್ಕೋತೀನಿ," ಎಂದಳು.