ಅಲ್ಮೇರಾದ ಕೆಳಗಿನ ಬಿಸಿ

“ಮಕ್ಕಳು ಆ ಮೂಲೇಲಿ ಮಲಗೋದೇ ಇಲ್ಲ ಕಣೇ,” ಎಂದಳು ಅಕ್ಕ ಫೋನಿನಲ್ಲಿ. “ಆಯಾ ಬೇರೆ, ಅಲ್ಲೇನೋ ದೆವ್ವದ ಕಾಟ ಇದೆ ಅಂತಾಳೆ. ಮುಟ್ಟಿ ನೋಡಿದೆ, ನೆಲ ಬಿಸಿಯಾಗಿದೆ. ಬೇರೆ ಕಡೆಯೆಲ್ಲ ತಣ್ಣಗಿದೆ.”

ತಂಗಿ ನಕ್ಕಳು. ಅಕ್ಕನ ಶಿಶುವಿಹಾರ ಇದ್ದದ್ದು ಬೇಕರಿಯ ಮೇಲಿನ ಮಹಡಿಯಲ್ಲಿ. ಒಲೆಯ ಬಿಸಿ ಮೇಲೇರದಂತೆ ಟೈಲ್ಸ್ ಅಡಿಯಲ್ಲಿ ಥರ್ಮಾಕೋಲಿನಂಥ ಮೆತ್ತನೆಯ ಹಲಗೆ ಹಾಸಿದ್ದರು. ಎರಡು ವರ್ಷದ ಹಿಂದೆ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿ ಸಹಿ ಹಾಕಿದವಳು ತಂಗಿಯೇ. ‘ನನ್ನ ತಂಗಿ ಪಾಸು ಮಾಡಿದ ನೆಲ’ ಎಂದು ಅಕ್ಕ ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದಳು.

“ಆ ಮೂಲೇಲಿ ಏನಿಟ್ಟಿದ್ದೀಯ?”

“ಇನ್ನೇನು, ಆ ಕಬ್ಬಿಣದ ಅಲ್ಮೇರಾ. ಆನೆ ಥರ ಕೂತಿದೆ.”

ತಂಗಿಯ ನಗು ಬಾಯಲ್ಲೇ ಉಳಿಯಿತು.

ಪರೀಕ್ಷೆಗೆ ಬಂದ ಹಲಗೆಯ ತುಂಡು ನಲುಗಬಾರದೆಂದು ಅವಳು ಅದನ್ನು ಯಾವಾಗಲೂ ಯಂತ್ರದ ಬಿಸಿ ತಟ್ಟೆ, ತಣ್ಣನೆ ತಟ್ಟೆಗಳ ನಡುವೆ ಹಗುರವಾಗಿ, ಕೂಸನ್ನು ಮಲಗಿಸಿದ ಹಾಗೆ ಇಡುತ್ತಿದ್ದಳು. ನಾಜೂಕಿನ ಕೈ ಎಂದು ಎಲ್ಲರೂ ಹೊಗಳುತ್ತಿದ್ದರು. ನೆಲದಡಿಯ ಹಲಗೆಗೆ ಅಂಥ ಸುಖ ಎಲ್ಲಿಂದ ಬರಬೇಕು?

ಪ್ರಯೋಗಾಲಯದ ಕಪಾಟಿನಲ್ಲಿ ಉಳಿದಿದ್ದ ಅದೇ ಹಲಗೆಯ ತುಂಡನ್ನು ತೆಗೆದಳು. ಅಲ್ಮೇರಾದ ಕಾಲು ಊರಿದಷ್ಟೇ ಭಾರ ಬೀಳುವಂತೆ ತಟ್ಟೆಯನ್ನು ಅದುಮಿ ಕಾದಳು. ಒಳಗಿನ ಗಾಳಿಯ ಗೂಡುಗಳು ಕುಸಿದು, ಹಲಗೆ ತೆಳುವಾಗಿ, ಬಿಸಿಗೆ ದಾರಿ ಸಲೀಸಾಯಿತು. ದಾಟಿದ ಬಿಸಿ ಹಳೆಯ ಪರೀಕ್ಷೆಯಲ್ಲಿ ಕಂಡದ್ದರ ಎರಡು ಪಟ್ಟು.

ಮೇಲ್ವಿಚಾರಕರು ಇಣುಕಿದರು. “ಹಳೇ ರಿಪೋರ್ಟು, ಮೇಡಂ. ನಿಯಮದ ಪ್ರಕಾರವೇ ಮಾಡಿದ್ದೀರಿ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?”

“ನಿಯಮದ ಮೇಲೆ ಯಾರೂ ಅಲ್ಮೇರಾ ಇಡಲ್ಲ ಸರ್.”

ಹಳೇ ರಿಪೋರ್ಟಿಗೆ ತಿದ್ದುಪಡಿ ಬರೆದು ಸಹಿ ಹಾಕುವುದು ಸುಲಭವಾಗೇ ಆಯಿತು. ಫೋನನ್ನು ಮಾತ್ರ ಎರಡು ಸಲ ಎತ್ತಿ ಕೆಳಗಿಟ್ಟಳು. ಅಕ್ಕ ಅವಳ ಬಗ್ಗೆ ಬಾಯಿಬಿಟ್ಟು ಹೆಮ್ಮೆಪಟ್ಟಿದ್ದು ಆ ನೆಲವೊಂದಕ್ಕೇ ಏನೋ.

“ಅಕ್ಕ, ತಪ್ಪು ನಂದು. ಭಾರ ಹಾಕದೇ ಪರೀಕ್ಷೆ ಮಾಡಿದ್ದೆ.”

“ಅಲ್ಮೇರಾ ಸರಿಸಿದ್ರೆ ಸಾಲ್ದಾ?”

“ಸಾಲಲ್ಲ. ಒಂದ್ಸಲ ಅಪ್ಪಚ್ಚಿಯಾದ್ರೆ ಅದು ಮತ್ತೆ ಉಬ್ಬಲ್ಲ. ಟೈಲ್ಸ್ ಎಬ್ಬಿಸಿ, ಗಟ್ಟಿ ಹಲಗೆ ಹಾಕಿಸ್ಬೇಕು.”

ಆ ಕಡೆಯಿಂದ ಬೇಕರಿಯ ತಟ್ಟೆಗಳ ಸದ್ದು ಕೇಳಿಸಿತು.

“ಆಯಾಗೆ ಏನು ಹೇಳ್ಲಿ?” ಎಂದಳು ಅಕ್ಕ.

“ಕಾಟ ಕೊಟ್ಟಿದ್ದು ನನ್ನ ತಂಗಿ ಅಂತ ಹೇಳು.”

ಅಕ್ಕ ಕಿಸಕ್ಕನೆ ನಕ್ಕಳು. “ಅದನ್ನ ಚಿಕ್ಕಂದಿನಿಂದ ಹೇಳ್ತಾನೇ ಇದೀನಿ. ನಾಳೆ ಮಕ್ಕಳಿಗೆ ರಜೆ ಕೊಡ್ತೀನಿ. ಸೊಂಟ ಗಟ್ಟಿ ಮಾಡ್ಕೊಂಡು ಬಾ, ಆ ಆನೇನ ಇಬ್ರೂ ಸೇರಿ ಸರಿಸೋಣ.”