ನಮ್ಮ ಬೀದಿಗೇ ಯಾಕೆ ಈ ಹೊಗೆ?

ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಬೂದಿ ಬಣ್ಣಕ್ಕೆ ತಿರುಗಿದರೆ ಬಟ್ಟೆ ಒಗೆದು ಬದುಕುವವರ ಗತಿ ಏನು? ಹಿಂದಿನ ಬೀದಿಯಲ್ಲಿ ಹಳೇ ಬ್ಯಾಟರಿ ಕರಗಿಸುವ ಕುಲುಮೆ ಶುರುವಾದ ಮೇಲೆ ಲಾಂಡ್ರಿ ಅಕ್ಕನಿಗೆ ಇದೇ ಗೋಳು. ಮಗಳೂ ಸಪ್ಪಗಾಗಿದ್ದಳು. ಊಟ ಸೇರದು, ಆಗಾಗ ಹೊಟ್ಟೆನೋವು.

ಅಷ್ಟರಲ್ಲಿ ತಂಗಿ ರಜೆಗೆ ಬಂದಳು. ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಕಲಿಸುವವಳು. ಬೀದಿಯವರೆಲ್ಲ ಅವಳನ್ನೇ ಮುತ್ತಿಕೊಂಡರು. ಮಗಳಂತೂ ಚಿಕ್ಕಮ್ಮನ ಬೆನ್ನು ಬಿಡಲಿಲ್ಲ. ಅಕ್ಕನಿಗೆ ಒಳಗೊಳಗೇ ಉರಿ. ಚಿಕ್ಕಂದಿನಲ್ಲೂ ಹೀಗೇ. ಅಕ್ಕ ಒಗೆದ ಅಂಗಿ ತೊಟ್ಟು ತಂಗಿ ಬಹುಮಾನ ತರುತ್ತಿದ್ದಳು.

“ಕಳ್ಳರು, ಕೊಲೆಗಾರರು ಸಾಲದೆ ಈಗ ಹೊಗೆ ಮೇಲೂ ಪುಸ್ತಕ ಬರೀತೀಯಂತೆ” ಎಂದಳು ಅಕ್ಕ ಕೊಂಕಾಗಿ.

“ಹೌದಕ್ಕ. ಜೇಬು ಕತ್ತರಿಸಿದವನನ್ನ ಹಿಡೀತಾರೆ, ಗಾಳಿಗೆ ವಿಷ ಬಿಟ್ಟವನನ್ನ ಯಾರೂ ಕೇಳಲ್ಲ. ಅದೂ ಅಪರಾಧಾನೇ. ಈ ಕುಲುಮೆ ಮಾಲೀಕನ ಮನೆ ಹತ್ರ ಯಾಕಿಲ್ಲ ಹೇಳು? ಕೇಳೋರಿಲ್ಲದ ಬೀದಿ ನೋಡೇ ಇಡ್ತಾರೆ. ಬ್ಯಾಟರಿಯ ಸೀಸ ಹೊಗೆ, ಧೂಳಿನ ಜೊತೆ ಮಕ್ಕಳ ರಕ್ತ ಸೇರುತ್ತೆ. ಮಗೂಗೆ ಪರೀಕ್ಷೆ ಮಾಡಿಸೋಣ.”

“ನನ್ನ ಮಗಳನ್ನ ನೋಡ್ಕೊಳ್ಳೋದು ನಂಗೊತ್ತು. ನಿನ್ನ ಪಾಠ ಕಾಲೇಜಲ್ಲಿಟ್ಕೊ.”

ಎದುರುಮನೆಯ ಬಡಗಿ ಮಾತ್ರ ತಂಗಿಯ ಮಾತು ಕೇಳಿ ಮಗನನ್ನು ಆಸ್ಪತ್ರೆಗೆ ಕರೆದೊಯ್ದ. ಹುಡುಗನ ರಕ್ತದಲ್ಲಿ ಸೀಸ ಹೆಚ್ಚಿತ್ತು. ಸುದ್ದಿ ಕಿವಿಗೆ ಬಿದ್ದಾಗ ಅಕ್ಕ ಒಗೆಯುತ್ತಿದ್ದ ಬಟ್ಟೆ ಅಲ್ಲೇ ಬಿಟ್ಟಳು. ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಮಗಳ ರಕ್ತದಲ್ಲಿ ಸೀಸ ಇನ್ನೂ ಹೆಚ್ಚಿತ್ತು.

“ಇದೂ ನಿನಗೇ ಮೊದಲು ಗೊತ್ತಾಗಬೇಕಿತ್ತಾ? ನಾನು ತಾಯಿ ಕಣೇ” ಎಂದು ತಂಗಿಯ ಮುಂದೆ ಅತ್ತಳು.

ತಂಗಿ ಅವಳ ಕೈ ಹಿಡಿದಳು. “ಅಧಿಕಾರಿಗಳ ಮುಂದೆ ಬಂದು ಮಾತಾಡಕ್ಕ. ನಾನು ಬರೆದಿದ್ದನ್ನ ಕಪಾಟಿನಲ್ಲಿಡ್ತಾರೆ. ತಾಯಂದಿರೆಲ್ಲ ಬಾಗಿಲಲ್ಲಿ ನಿಂತ್ರೆ ಎಲ್ಲಿಡ್ತಾರೆ?”

ಬೀದಿಯವರು ಸೇರಿ, ವೈದ್ಯರ ವರದಿ ಹಿಡಿದು ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋದರು.

“ಆ ಕುಲುಮೆ ನಿಮ್ಮ ಮನೆ ಹಿಂದೆ ಇದ್ದಿದ್ರೆ ಇಷ್ಟು ದಿನ ಉರೀತಿತ್ತಾ ಸಾರ್?” ಎಂದು ಕೇಳಿದ್ದು ಅಕ್ಕನೇ.

ಅಧಿಕಾರಿಗಳು ಬಂದು ನೋಡಿದರು. ಕುಲುಮೆಗೆ ಪರವಾನಗಿಯೇ ಇರಲಿಲ್ಲ. ಬೀಗ ಬಿತ್ತು. ಮಗಳಿಗೆ ಇನ್ನೂ ಚಿಕಿತ್ಸೆ ನಡೆದಿದೆ.

ತಂಗಿ ಹೊರಟಾಗ ಮಗಳು ಅವಳನ್ನು ತಬ್ಬಿ ಅತ್ತಳು. ಅಕ್ಕನಿಗೆ ಆಗಲೂ ಸ್ವಲ್ಪ ಹೊಟ್ಟೆ ಉರಿಯಿತು. ಆದರೂ “ಮುಂದಿನ ರಜೆಗೂ ಬಾರೇ” ಎಂದಳು, ಮನಸಾರೆ.

ನಿಮ್ಮ ಬೀದಿಗೂ ಹೊಗೆಯೋ ಕೆಟ್ಟ ನೀರೋ ಬರುತ್ತಿದೆಯಾ? ನಮ್ಮ ಹಣೆಬರಹ ಅಂತ ಸುಮ್ಮನಿರಬೇಡಿ. ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ, ವೈದ್ಯರಿಗೆ ತೋರಿಸಿ. ಅಕ್ಕಪಕ್ಕದವರ ಜೊತೆ ಸೇರಿ ದೂರು ಕೊಡಿ. ಬುದ್ಧಿ ಹೇಳಿದವರ ಮೇಲಿನ ಸಿಟ್ಟಿಗೆ ಮಗುವಿನ ಪರೀಕ್ಷೆ ಮುಂದೂಡಬೇಡಿ.