ಹುಲಗಪ್ಪನ ಬಿಲ್ಲೆ

ಸಮುದ್ರವನ್ನೇ ಕಾಣದವರು ಬಂದರದ ಕಥೆ ಹೇಳಹೊರಟಿದ್ದೇವೆ. ತಪ್ಪಾದರೆ ಬಲ್ಲವರು ಕ್ಷಮಿಸಬೇಕು. ಹೇಳದೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಐದನೆಯ ವರ್ಷ. ದೇವಾಪುರದ ಹುಲಗಪ್ಪ ಮುಂಬೈ ಬಂದರದಲ್ಲಿ ಹಡಗಿನ ಮೂಟೆ ಇಳಿಸುವ ಹಮಾಲ. ಅವನಿಗೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟಿದ್ದರು. ಬಿಲ್ಲೆ ತೋರಿಸಿದವರಿಗಷ್ಟೇ ಒಳಗೆ ಪ್ರವೇಶ. ಚಳಿಜ್ವರ ಹಿಡಿದು ಅವನು ಊರಿಗೆ ಬಂದು ತಿಂಗಳಾಗಿತ್ತು.

ಒಂದು ಮುಂಜಾನೆ, ರಾತ್ರಿ ಶಾಲೆಯ ಮಾಸ್ತರ ಮಕ್ತುಮಸಾಬ ತಂತಿಯ ಕಾಗದ ಹಿಡಿದು ಹುಲಗಪ್ಪನ ಮನೆಗೆ ಬಂದರು. ನಿಂತಲ್ಲೇ ಅದನ್ನು ಓದಿ ಹೇಳಿದರು.

"ಹುಲಗಪ್ಪ ಮೂಟಿ ಬಿದ್ದು ತೀರಿಕೊಂಡಾನಂತ ಬರದಾರ."

ಹುಲಗಪ್ಪನ ಹೆಂಡತಿ ರೇಣಮ್ಮ ನಕ್ಕುಬಿಟ್ಟಳು. "ಸತ್ತಾವ್ರು ಇಲ್ಲೇ ಕುಂತು ಮೂರನೇ ರೊಟ್ಟಿ ತಿನ್ನಾಕತ್ತಾರ್ರಿ ಮಾಸ್ತರ್ರ."

ಮಕ್ತುಮಸಾಬ ನಗಲಿಲ್ಲ. "ಹುಲಗಪ್ಪ, ನಿನ್ನ ಬಿಲ್ಲೆ ಎಲ್ಲೈತಿ?"

ಹುಲಗಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಬಾಲಪ್ಪಗ ಕೊಟ್ಟು ಬಂದೀನ್ರಿ. ಗೈರಹಾಜರಿ ಆದ್ರ ನನ್ನ ನಂಬರ ಹೊಡದಹಾಕ್ತಾರ. ಅವಗೂ ಕೆಲಸ ಇರಲಿಲ್ಲ. ನಮ್ಮೂರಾಂವ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಮೂಟೆ ಬಿದ್ದದ್ದು ಬಾಲಪ್ಪನ ಮೇಲೆ. ಅವನ ಹೆಂಡತಿ ಭೀಮವ್ವ ಹಿಂದಿನ ಓಣಿಯಲ್ಲೇ ಇದ್ದಳು.

"ನಾ ಬಾಯಿ ಬಿಟ್ರ ಬಿಲ್ಲೆ ಹೋತು," ಎಂದ ಹುಲಗಪ್ಪ. "ಮತ್ತ ಒಳಗ ಕಾಲಿಡಾಕ ಬಿಡೂದಿಲ್ಲ."

ರೇಣಮ್ಮ ದನಿ ತಗ್ಗಿಸಿದಳು. "ಹೆಸರು ತಪ್ಪಿ ಬರದಾರ ಅಂದ್ರಾತು. ನಾಕು ದಿನ ಸುಮ್ಮನಿರ್ರಿ."

"ಸುಮ್ಮನಿದ್ರ ಏನಾಗ್ತದ ಕೇಳವ್ವ," ಎಂದರು ಮಕ್ತುಮಸಾಬ. "ಬಂದರದ ದಫ್ತರದಾಗ ಸತ್ತಾಂವ ನಿನ್ನ ಗಂಡ. ನಾಳೆ ಪರಿಹಾರದ ಕಾಗದ ನಿನ್ನ ಹೆಸರಿಗೇ ಬರ್ತದ. ಗಂಡನ್ನ ಬಾಜೂಕ ಕುಂದ್ರಿಸಿಕೊಂಡು, ಗಂಡ ಸತ್ತಾನಂತ ಹೆಬ್ಬಟ್ಟು ಒತ್ತತೀಯೇನು? ಅತ್ತ ಭೀಮವ್ವ ಗಂಡ ಬರ್ತಾನಂತ ದಾರಿ ಕಾಯಕೋತ ಇರ್ತಾಳ."

ರೇಣಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಗಂಡನಿಗೆ ಅಂದಳು: "ಬಿಲ್ಲೆ ಹೋದ್ರ ಹೋಗಲಿ. ಎದ್ದೇಳ್ರಿ, ಭೀಮವ್ವನ ಮನಿಗೆ ನಾನೂ ಬರ್ತೀನಿ."

ಹಿಂದಿನ ಓಣಿಯಲ್ಲಿ ಭೀಮವ್ವ ಆಡುಮರಿಗೆ ಸೊಪ್ಪು ಹಾಕುತ್ತಿದ್ದಳು. "ಏನಣ್ಣ, ನಮ್ಮಾವ್ರ ಕಾಗದ ಬಂತೇನು?" ಎಂದಳು.

ಹುಲಗಪ್ಪ ಅವಳೆದುರು ಕುಳಿತ. ಎಲ್ಲವನ್ನೂ ಹೇಳಿದ. ಭೀಮವ್ವ ತಕ್ಷಣ ಅಳಲಿಲ್ಲ. ಒಂದೇ ಮಾತು ಕೇಳಿದಳು.

"ಸಾಯೂಮುಂದ ಅವರನ್ನ ನಿನ್ನ ಹೆಸರಲೇ ಕರದಿರಬೇಕಲ್ಲಣ್ಣ?"

ಹುಲಗಪ್ಪ ಮಾಸ್ತರರ ಕಡೆ ತಿರುಗಿ, ನಿಜವಾದ ಹೆಸರು ಬರೆದುಕೊಡಿರೆಂದು ಕೇಳಿದ.

ಮಕ್ತುಮಸಾಬ ಬಂದರದ ದಫ್ತರಕ್ಕೆ ಅರ್ಜಿ ಬರೆದರು. ಸತ್ತವನು ಬಾಲಪ್ಪನೆಂದು ಓಣಿಯ ಜನ ಹೆಬ್ಬೆಟ್ಟು ಒತ್ತಿದರು. ಮರುದಿನ ಯಾದಗಿರಿಯಲ್ಲಿ ಹುಲಗಪ್ಪ, ಭೀಮವ್ವ, ಮಾಸ್ತರರು ಮುಂಬೈ ರೈಲು ಹತ್ತಿದರು.

ಬಂದರಕ್ಕೆ ದುಡಿಯಲು ಹೋಗುವ ಅಣ್ಣಂದಿರೇ, ನಿಮ್ಮ ಬಿಲ್ಲೆಯನ್ನು ಒಡಹುಟ್ಟಿದವನಿಗೂ ಕೊಡಬೇಡಿ. ಕೇಳಿದವನನ್ನು ದಫ್ತರಕ್ಕೆ ಕರೆದುಕೊಂಡು ಹೋಗಿ, ಅವನ ಹೆಸರನ್ನೇ ಬರೆಸಿ. ಕಾಯಿಲೆ ಬಿದ್ದರೆ ರಜೆ ಕೇಳಿ. ಮನೆಯಲ್ಲಿರುವ ತಾಯಂದಿರೇ, ನಿಮ್ಮವರು ಯಾವ ಬಂದರದಲ್ಲಿ, ಯಾರ ಹೆಸರಿನಲ್ಲಿ ದುಡಿಯುತ್ತಿದ್ದಾರೆಂದು ಇವತ್ತೇ ಕೇಳಿ.

ದಫ್ತರದವರು ಹೆಸರು ತಿದ್ದಿದರೋ ಇಲ್ಲವೋ ನಮಗೆ ತಿಳಿಯದು. ಬಾಲಪ್ಪನನ್ನು ಎಲ್ಲಿ ಮಣ್ಣು ಮಾಡಿದರೆಂಬುದೂ ತಿಳಿಯದು. ನಾವು ಇದನ್ನು ಹೇಳುವ ಹೊತ್ತಿಗೆ ಹೋದ ಮೂವರು ಇನ್ನೂ ಊರಿಗೆ ಬಂದಿಲ್ಲ.